ಬೀದರಿನಲ್ಲಿ ಒಬ್ಬ ವ್ಯಾಪಾರಿ ಕಟ್ಟಿದ ಮದರಸ

ಇಸ್ಲಾಮಿಕ್ ನಾಗರಿಕತೆಯ ವಿಜ್ಞಾನ ಎಂದ ಕೂಡಲೇ ಎಲ್ಲರೂ ಬಾಗ್ದಾದ್ ಹೆಸರು ಹೇಳುತ್ತಾರೆ. 9ನೇ ಶತಮಾನದಲ್ಲಿ ಅಲ್-ಖ್ವಾರಿಜ್ಮಿಯವರು ಬೀಜಗಣಿತದ ಪುಸ್ತಕ ಬರೆದದ್ದು ಅಲ್ಲಿಯೇ. ಅದರ ದೊಡ್ಡ ಭಾಗ ಆಸ್ತಿ ಪಾಲು ಮಾಡುವ ಲೆಕ್ಕಗಳು. 1258ರಲ್ಲಿ ಮಂಗೋಲರು ಬಾಗ್ದಾದನ್ನು ನಾಶ ಮಾಡಿದರು, ಅಲ್ಲಿಗೆ ಎಲ್ಲ ಮುಗಿಯಿತು ಎಂದು ಎಷ್ಟೋ ಜನ ನಂಬಿದ್ದಾರೆ. ಆದರೆ ಅದಾಗಿ 200 ವರ್ಷಗಳ ಮೇಲೆ ನಮ್ಮ ಕರ್ನಾಟಕದ ಬೀದರಿನಲ್ಲಿ ಒಂದು ದೊಡ್ಡ ವಿದ್ಯಾಲಯ ಎದ್ದಿತು.

ಕಟ್ಟಿಸಿದವರು ಮಹಮೂದ್ ಗವಾನ್. ಇರಾನಿನ ಗೀಲಾನ್ ಪ್ರಾಂತ್ಯದವರು. 1453ರಲ್ಲಿ ವ್ಯಾಪಾರಕ್ಕೆಂದು ಇತ್ತ ಬಂದವರು ಬಹಮನಿ ಸುಲ್ತಾನರ ಪ್ರಧಾನ ಮಂತ್ರಿಯಾದರು. ಅವರ ಬಿರುದು ಮಲಿಕ್-ಉತ್-ತುಜ್ಜಾರ್, ವ್ಯಾಪಾರಿಗಳ ಒಡೆಯ. (ನಮ್ಮ ಮನೆಮಾತು ಉರ್ದುವಿನ ‘ತಾಜಿರ್’ ಪದದ ಬಹುವಚನವೇ ತುಜ್ಜಾರ್.) 1472ರ ಈ ಮದರಸ ಮೂರು ಅಂತಸ್ತಿನದು. ಪಾಠದ ಕೋಣೆಗಳು, ಮಸೀದಿ, ವಿದ್ಯಾರ್ಥಿಗಳಿಗೂ ಉಸ್ತಾದರಿಗೂ ವಾಸದ ಕೋಣೆಗಳು, ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯ ಎಲ್ಲವೂ ಒಂದೇ ಕಟ್ಟಡದಲ್ಲಿ. ಮುಂಭಾಗದ ತುಂಬ ಬಣ್ಣದ ಟೈಲ್ಸ್ ಕೆಲಸ. ದೂರದೇಶದ ವಿದ್ವಾಂಸರಿಗೆ ಗವಾನ್ ಪತ್ರ ಬರೆದು ಕರೆಯುತ್ತಿದ್ದರು. ಪರ್ಷಿಯನ್ ಕವಿ ಜಾಮಿ ಬರಲಿಲ್ಲ, ಆದರೆ ಪತ್ರವ್ಯವಹಾರ ಇಟ್ಟುಕೊಂಡಿದ್ದರು.

ಆಸ್ಥಾನದಲ್ಲಿ ಎರಡು ಪಂಗಡಗಳಿದ್ದವು: ಹೊರದೇಶದಿಂದ ಬಂದ ಆಫಾಕಿಗಳು, ಇಲ್ಲಿಯವರಾದ ದಖನಿಗಳು. ಗವಾನ್ ಇಬ್ಬರಿಗೂ ಹುದ್ದೆ ಹಂಚಿದರೂ ಹೊಟ್ಟೆಕಿಚ್ಚು ಆರಲಿಲ್ಲ. ಒರಿಸ್ಸಾದ ರಾಜನನ್ನು ದಂಡೆತ್ತಿ ಬರುವಂತೆ ಅವರೇ ಕರೆದ ಹಾಗೆ ವಿರೋಧಿಗಳು ಸುಳ್ಳು ಪತ್ರ ಬರೆದು, ಮೋಸದಿಂದ ಅವರ ಮೊಹರು ಒತ್ತಿಸಿದರು. ಸುಲ್ತಾನ ಮೂರನೇ ಮಹಮ್ಮದ್ ಷಾ ಸರಿಯಾಗಿ ವಿಚಾರಿಸದೆ 1481ರಲ್ಲಿ ಅವರ ತಲೆ ತೆಗೆಸಿದ. ಸತ್ತ ಮೇಲೆ ಅವರ ಸಂಪತ್ತು ಹುಡುಕಿಸಿದರೆ ಸಿಕ್ಕಿದ್ದು ತೀರಾ ಕಡಿಮೆ. ಇತಿಹಾಸಕಾರ ಫಿರಿಶ್ತಾ ಬರೆದಿರುವಂತೆ ರಾಜ್ಯದ ಹಣಕ್ಕೊಂದು ಖಜಾನೆ, ಬಡವರ ಹಣಕ್ಕೆ ಬೇರೆ ಖಜಾನೆ. ತಮ್ಮ ಊಟದ ಖರ್ಚು ಸ್ವಂತ ವ್ಯಾಪಾರದ ಲಾಭದಿಂದ. ವ್ಯವಹಾರದ ಲೆಕ್ಕ ಬೇರೆ, ಮಾಲೀಕನ ಲೆಕ್ಕ ಬೇರೆ ಎಂದು ಫಸ್ಟ್ ಪಿಯುಸಿ ಅಕೌಂಟೆನ್ಸಿಯಲ್ಲಿ ಓದುತ್ತೇವಲ್ಲ, ಅದೇ!

ಮುಂದೆ ಬಹಮನಿ ರಾಜ್ಯ ಒಡೆದು ಐದು ಸುಲ್ತಾನರ ಪಾಲಾಯಿತು. 1657ರಲ್ಲಿ ಬೀದರ್ ಔರಂಗಜೇಬನ ಕೈಗೆ ಬಂತು. ಪುಸ್ತಕಗಳಿದ್ದ ಕಟ್ಟಡದಲ್ಲಿ ಸಿಡಿಮದ್ದು ತುಂಬಿಸಿದರು, ಆ ಶತಮಾನದ ಕೊನೆಗೆ ಅದು ಸಿಡಿದು ಕಟ್ಟಡದ ಒಂದು ಭಾಗವೇ ಹೋಯಿತು. ಇಲ್ಲಿ ಮಂಗೋಲರನ್ನು ದೂರುವ ಹಾಗಿಲ್ಲ. ಪತ್ರ ಬರೆದವರು, ಕೊಲ್ಲಿಸಿದವರು, ಮದ್ದು ತುಂಬಿಸಿದವರು ಎಲ್ಲರೂ ಗ್ರಂಥಾಲಯದ ಬೆಲೆ ತಿಳಿದಿರಬೇಕಾದವರೇ.

ಎರಡು ಮಿನಾರುಗಳಲ್ಲಿ ಈಗ ಒಂದು ಉಳಿದಿದೆ. ನಮ್ಮ ಪಕ್ಕದ ಯಶವಂತಪುರದಿಂದ ಬೀದರಿಗೆ ರೈಲಿದೆ. ಕಾಲೇಜು ಪ್ರವಾಸ ಪ್ರತಿ ವರ್ಷ ಮೈಸೂರಿಗೇ ಹೋಗಬೇಕೆಂದೇನೂ ಇಲ್ಲ.