ಕಾಲಡಿಯ ನೆಲ, ಕಣ್ಣೆದುರಿನ ಚಿತ್ರ

ಮನೆಯೊಂದಕ್ಕೆ ಹೊಸದಾಗಿ ಬಂದ ಅತಿಥಿಯು ಗೋಡೆಯ ಬಣ್ಣವನ್ನು ಗಮನಿಸುತ್ತಾನೆ. ಬಾಗಿಲಿನ ಕೆತ್ತನೆಯನ್ನು ಮೆಚ್ಚುತ್ತಾನೆ. ಕಿಟಕಿಯಿಂದ ಬರುವ ಗಾಳಿ ಬೆಳಕುಗಳನ್ನು ಹೊಗಳುತ್ತಾನೆ. ನೆಲವನ್ನು ಕುರಿತು ಮಾತನಾಡುವವರು ವಿರಳ. ಅದು ಕಾಲಿನ ಪಾಲಿಗೆ ಸೇರಿದ್ದೆಂದು ಕಣ್ಣು ಬಿಟ್ಟುಕೊಟ್ಟಂತಿದೆ. ಆದರೆ ಅದೇ ಮನೆಯನ್ನು ಗಣಕಯಂತ್ರದಲ್ಲಿ ಚಿತ್ರಿಸಿ ತೋರಿಸಿದಾಗ, ನೆಲದಲ್ಲಿ ಸ್ವಲ್ಪ ಹುಸಿಯಿದ್ದರೂ ಅದೇ ಕಣ್ಣು ಒಡನೆ ಅದನ್ನು ಹಿಡಿಯುತ್ತದೆ. ತಪ್ಪು ಯಾವುದೆಂದು ಹೇಳಲು ಬಾರದಿರಬಹುದು. ಏನೋ ತಪ್ಪಿದೆಯೆಂಬುದು ಮಾತ್ರ ಖಚಿತವಾಗಿ ತಿಳಿಯುತ್ತದೆ. ದಿನವೂ ತುಳಿಯುವ ನೆಲವನ್ನು ಮನುಷ್ಯನು ತನ್ನ ಅರಿವಿಲ್ಲದೆಯೇ ಅಷ್ಟು ಚೆನ್ನಾಗಿ ಕಲಿತಿರುತ್ತಾನೆ.

ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ಹಳೆಯ ಮನೆಗಳ ನೆಲ ಒಂದು ಬಗೆಯದಲ್ಲ. ಸಗಣಿಯಿಂದ ಸಾರಿಸಿದ ಮಣ್ಣಿನ ನೆಲ, ಕೆಂಪು ಬಣ್ಣ ಬೆರೆಸಿ ತಿಕ್ಕಿ ನುಣುಪು ಮಾಡಿದ ಗಾರೆಯ ನೆಲ, ಕಲ್ಲಿನ ಚೂರುಗಳನ್ನು ಸೇರಿಸಿದ ಮೊಸಾಯಿಕ್ ನೆಲ, ಇವೆಲ್ಲವೂ ಒಂದಾದ ಮೇಲೊಂದು ಬಂದವು. ಈಗ ಕಟ್ಟುವ ಮನೆಗಳಿಗೆ ಬಹುಮಟ್ಟಿಗೆ ಟೈಲ್ಸ್ ನೆಲವೇ. ಪಾಯ ತೆಗೆಯುವ ಮೊದಲೇ ಮನೆಯ ಒಳಹೊರಗನ್ನು ಚಿತ್ರದಲ್ಲಿ ತೋರಿಸುವ ಪದ್ಧತಿಯು ಹಾಸನದಂತಹ ನಗರಗಳಲ್ಲಿಯೂ ಸಣ್ಣ ಪಟ್ಟಣಗಳಲ್ಲಿಯೂ ಬೇರೂರಿದೆ. ಅಳತೆ, ಬಣ್ಣ, ಬೆಳಕುಗಳ ವಿವರವನ್ನು ಗಣಕಯಂತ್ರಕ್ಕೆ ಕೊಟ್ಟು ಅದರಿಂದ ಚಿತ್ರವನ್ನು ಪಡೆಯುವ ಈ ಕೆಲಸಕ್ಕೆ ರೆಂಡರಿಂಗ್ ಎಂದು ಹೆಸರು. ಬರಿಯ ನೆಲದ ಆಕಾರಕ್ಕೆ ಹೊದಿಸುವ ಟೈಲಿನ ಮೇಲ್ಮೈಯ ಚಿತ್ರವೇ ಟೆಕ್ಸ್ಚರ್.

ನೆಲವನ್ನು ನಿಜದಂತೆ ಕಾಣಿಸುವ ಹಂಬಲವು ಗಣಕಯಂತ್ರದೊಡನೆ ಹುಟ್ಟಿದ್ದಲ್ಲ. ಇಟಲಿಯ ಆಲ್ಬರ್ಟಿಯು 1435ರಲ್ಲಿ ಚಿತ್ರಕಲೆಯನ್ನು ಕುರಿತು ಬರೆದ ಗ್ರಂಥದಲ್ಲಿ, ಚೌಕಗಳ ನೆಲವು ದೂರ ಸರಿದಂತೆ ಹೇಗೆ ಕಿರಿದಾಗಿ ಕಾಣಬೇಕೆಂಬುದಕ್ಕೆ ರೇಖೆಗಳ ಕ್ರಮವನ್ನು ವಿವರಿಸಿದನು. ಗಣಕಯಂತ್ರದ ಆಕಾರಗಳ ಮೇಲೆ ಚಿತ್ರವನ್ನು ಹೊದಿಸುವ ವಿಧಾನವನ್ನು 1974ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಎಡ್ವಿನ್ ಕ್ಯಾಟ್‌ಮಲ್ ತಮ್ಮ ಸಂಶೋಧನ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಬೆಳಕಿನ ಕಿರಣಗಳು ಹಾಯುವ ದಾರಿಯನ್ನು ಲೆಕ್ಕಹಾಕಿ ಚಿತ್ರ ರಚಿಸುವ ಬಗೆಯನ್ನು ಟರ್ನರ್ ವಿಟ್ಟೆಡ್ 1980ರಲ್ಲಿ ಪ್ರಕಟಿಸಿದಾಗ, ಅವರ ಹೆಸರಾಂತ ಚಿತ್ರದಲ್ಲಿದ್ದುದು ಎರಡು ಗೋಲಗಳು ಮತ್ತು ಅವುಗಳ ಕೆಳಗೆ ಕೆಂಪು ಹಳದಿ ಚೌಕಗಳ ನೆಲ. ಆ ಒಂದು ಚಿತ್ರಕ್ಕೆ ಅಂದಿನ ಯಂತ್ರವು ಒಂದು ಗಂಟೆಗೂ ಹೆಚ್ಚು ಕಾಲ ದುಡಿಯಬೇಕಾಯಿತು.

ಇಂದು ಯಂತ್ರದ ವೇಗವು ಬಹಳ ಹೆಚ್ಚಿದೆ. ಆದರೂ ನೋಡುವ ಶ್ರಮ ಮನುಷ್ಯನಿಗೆ ತಪ್ಪಿಲ್ಲ. ಮೊದಲನೆಯದು ಅಳತೆ. ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಒಂದು ಹಜಾರವಿದೆಯೆನ್ನಿ. ಎರಡು ಅಡಿ ಚೌಕದ ಟೈಲುಗಳನ್ನು ಹಾಸಿದರೆ ಅಲ್ಲಿ 60 ಟೈಲುಗಳು ಕೂಡುತ್ತವೆ. ಚಿತ್ರ ಮಾಡುವವನು ಅಳತೆ ಮರೆತು ಒಂದೊಂದನ್ನೂ ನಾಲ್ಕು ಅಡಿಯಷ್ಟು ಹಿಗ್ಗಿಸಿದರೆ 15 ಟೈಲುಗಳಲ್ಲಿಯೇ ನೆಲ ಮುಗಿದುಹೋಗುತ್ತದೆ. ಕಣ್ಣು ಟೈಲನ್ನೇ ಅಳತೆಗೋಲಾಗಿ ಹಿಡಿಯುವುದರಿಂದ ವಿಶಾಲವಾದ ಹಜಾರವು ಸಣ್ಣ ಕೋಣೆಯಂತೆ ತೋರುತ್ತದೆ. ಟೈಲನ್ನು ಕುಗ್ಗಿಸಿದರೆ ಸಣ್ಣ ಕೋಣೆಯೂ ಕಲ್ಯಾಣ ಮಂಟಪದಂತೆ ಕಾಣುತ್ತದೆ.

ಎರಡನೆಯದು ಪುನರಾವೃತ್ತಿ. ಒಂದೇ ಟೈಲಿನ ಚಿತ್ರವನ್ನು ಅರವತ್ತು ಸಲ ಹಾಸಿದರೆ ಒಂದೇ ಗೆರೆ, ಒಂದೇ ಚುಕ್ಕೆ ಅರವತ್ತು ಕಡೆ ಒಂದೇ ಜಾಗದಲ್ಲಿ ಬರುತ್ತವೆ. ನೆಲವು ಛಾಪಿಸಿದ ಬಟ್ಟೆಯಂತಾಗುತ್ತದೆ. ಅನುಭವವುಳ್ಳ ಗಾರೆ ಕೆಲಸದವನಿಗೆ ಇದು ಹೊಸ ವಿಷಯವಲ್ಲ. ಅವನು ಒಂದೇ ಪೆಟ್ಟಿಗೆಯನ್ನು ಖಾಲಿಮಾಡುತ್ತ ಹೋಗದೆ, ನಾಲ್ಕಾರು ಪೆಟ್ಟಿಗೆಗಳನ್ನು ತೆರೆದು ಬೆರೆಸಿ ಹಾಸುತ್ತಾನೆ. ಚಿತ್ರಕಾರನೂ ಹಲವು ಟೈಲುಗಳ ಛಾಯಾಚಿತ್ರ ತೆಗೆದು, ದಿಕ್ಕು ಬದಲಿಸಿ, ಬೆರೆಸಿ ಹಾಸಬೇಕು. ಆ ಛಾಯಾಚಿತ್ರಗಳನ್ನು ಬಿಸಿಲಿನಲ್ಲಿ ತೆಗೆಯಬಾರದು. ಅವುಗಳಲ್ಲಿ ಸಿಕ್ಕಿಕೊಂಡ ನೆರಳು ಒಂದು ಕಡೆಗೂ, ಚಿತ್ರದ ಕಿಟಕಿಯಿಂದ ಬೀಳುವ ನೆರಳು ಇನ್ನೊಂದು ಕಡೆಗೂ ಇದ್ದರೆ, ಒಂದೇ ಮನೆಯಲ್ಲಿ ಇಬ್ಬರು ಸೂರ್ಯರು ಹುಟ್ಟಿದಂತಾಗುತ್ತದೆ. ಮೋಡ ಕವಿದ ದಿನದ ಸಮನಾದ ಬೆಳಕೇ ಇದಕ್ಕೆ ಲೇಸು.

ಮೂರನೆಯದು ಸಂದು. ಎರಡು ಟೈಲುಗಳ ನಡುವಣ ಸಂದಿಯು ಬರಿಯ ಗೆರೆಯಲ್ಲ. ಅದೊಂದು ಸಣ್ಣ ತಗ್ಗು. ತಗ್ಗಿನ ಒಂದು ಅಂಚು ಬೆಳಕನ್ನು ಹಿಡಿಯುತ್ತದೆ, ಇನ್ನೊಂದು ನೆರಳಿನಲ್ಲಿ ಉಳಿಯುತ್ತದೆ. ನಿಜವಾಗಿ ತಗ್ಗನ್ನು ತೋಡದೆ, ಅಲ್ಲಿ ಬೆಳಕು ಹೇಗೆ ಬೀಳುತ್ತದೆಂಬ ಲೆಕ್ಕವನ್ನಷ್ಟೇ ಬದಲಿಸಿ ಕಣ್ಣಿಗೆ ತಗ್ಗನ್ನು ತೋರಿಸಬಹುದೆಂಬುದನ್ನು ಜೇಮ್ಸ್ ಬ್ಲಿನ್ 1978ರಲ್ಲಿ ಕಂಡುಕೊಂಡರು.

ನಾಲ್ಕನೆಯದು ಹೊಳಪು. ಒರೆಸಿದ ನೆಲದ ಮೇಲೆ ನಿಂತು ಪಾದದ ಬುಡವನ್ನು ನೋಡಿರಿ. ಟೈಲಿನ ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಂದಲೇ ದೂರದ ಬಾಗಿಲಿನ ಕಡೆಗೆ ನೋಡಿರಿ. ಬಣ್ಣ ಮಸುಕಾಗಿ ಬಾಗಿಲಿನ ಬೆಳಕೇ ನೆಲದ ಮೇಲೆ ಹರಡಿರುತ್ತದೆ. ದೃಷ್ಟಿಯು ಓರೆಯಾದಷ್ಟೂ ಪ್ರತಿಫಲನ ಹೆಚ್ಚುತ್ತದೆ. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಫ್ರೆನೆಲ್ ಈ ಪ್ರತಿಫಲನಕ್ಕೆ ಸೂತ್ರವನ್ನು ಒದಗಿಸಿದನು. ಅದನ್ನು ಮರೆತು ನೆಲದುದ್ದಕ್ಕೂ ಒಂದೇ ಹೊಳಪನ್ನು ಬಳಿದರೆ ಟೈಲು ಗಾಜಿನಂತೆಯೋ ರಟ್ಟಿನಂತೆಯೋ ಕಾಣುತ್ತದೆ.

ಕೊನೆಯದು, ಎಲ್ಲಕ್ಕಿಂತ ಸೂಕ್ಷ್ಮವಾದುದು, ಸವೆತ. ಹೊಸಿಲಿನ ಬಳಿ ನೆಲ ಮಂಕಾಗಿರುತ್ತದೆ, ಮೂಲೆಯಲ್ಲಿ ಹೊಸದರಂತಿರುತ್ತದೆ. ಅಡುಗೆ ಮನೆಯ ಒಲೆಯ ಮುಂದಿನ ಸಂದುಗಳು ಕಪ್ಪಾಗಿರುತ್ತವೆ. ಕೆಂಪು ಗಾರೆಯ ನೆಲವಾದರೋ ದಿನವೂ ಒರೆಸಿ, ಕುಳಿತು, ಓಡಾಡಿದಂತೆ ಇನ್ನಷ್ಟು ನುಣುಪಾಗುತ್ತದೆ. 1985ರಲ್ಲಿ ಕೆನ್ ಪರ್ಲಿನ್ ಪ್ರಕಟಿಸಿದ ಗಣಿತ ವಿಧಾನದಿಂದ ಗಣಕಯಂತ್ರವು ಕಲೆಗಳನ್ನೂ ಏರುಪೇರುಗಳನ್ನೂ ತಾನೇ ಹುಟ್ಟಿಸಬಲ್ಲದು. ಆದರೆ ಅವುಗಳನ್ನು ನೆಲದ ತುಂಬ ಚೆಲ್ಲಿದ ಮಾತ್ರಕ್ಕೆ ನೆಲ ಹಳೆಯದಾಗುವುದಿಲ್ಲ. ನಿಜವಾದ ಕಲೆಗೆ ಒಂದು ಕಾರಣವುಂಟು: ಅಲ್ಲಿ ಯಾರೋ ನಡೆದಿದ್ದಾರೆ, ಏನನ್ನೋ ಎಳೆದಿದ್ದಾರೆ, ನೀರು ನಿಂತಿದೆ. ಕಾರಣವಿಲ್ಲದ ಕಲೆಯು ಎಷ್ಟು ಸೊಗಸಾಗಿದ್ದರೂ ಸುಳ್ಳೇ.

ಒಂದು ಚಿತ್ರದ ನೆಲಕ್ಕಾಗಿ ಇಷ್ಟೊಂದು ಎಚ್ಚರ ಅಗತ್ಯವೇ ಎಂದು ಕೇಳಬಹುದು. ಚಿತ್ರವನ್ನು ನಂಬಿ ನಡೆಯುವವರು ಇದ್ದಾರೆಂಬುದೇ ಅದಕ್ಕೆ ಉತ್ತರ. ಬಹುಕಾಲ ಕೂಡಿಟ್ಟ ಹಣದಿಂದ ಮನೆ ಕಟ್ಟಿಸುವವನು ಚಿತ್ರದಲ್ಲಿ ವಿಶಾಲವಾದ, ಬೆಳಕು ತುಂಬಿದ ಹಜಾರವನ್ನು ಕಂಡು ಒಪ್ಪಿಗೆ ಕೊಡುತ್ತಾನೆ. ಟೈಲಿನ ಅಳತೆಯಲ್ಲಿಯೂ ಬೆಳಕಿನಲ್ಲಿಯೂ ಅಡಗಿದ ಹುಸಿಯು ಅವನಿಗೆ ತಿಳಿಯುವುದು ಗೃಹಪ್ರವೇಶದ ದಿನ. ಚಿತ್ರವು ಅವನ ಪಾಲಿಗೆ ಅಲಂಕಾರವಲ್ಲ. ಅದೊಂದು ಮಾತು ಕೊಟ್ಟಂತೆ.

ಮುಂದೆ ಕಟ್ಟುವ ಮನೆಯ ವಿಷಯ ಹೀಗಾದರೆ, ಹಿಂದೆ ಇದ್ದ ಕಟ್ಟಡಗಳ ವಿಷಯದಲ್ಲಿ ಹೊಣೆ ಇನ್ನೂ ಹೆಚ್ಚು. ಹಳೆಯ ಕಟ್ಟಡಗಳನ್ನು ಗಣಕಯಂತ್ರದಲ್ಲಿ ಮತ್ತೆ ರಚಿಸಿ ತೋರಿಸುವ ಕಾರ್ಯವು ಈಗ ನಡೆಯುತ್ತಿದೆ. ಹಂಪೆಯು ಅದಕ್ಕೆ ಒಂದು ನಿದರ್ಶನ. ಹಾಸನ ಜಿಲ್ಲೆಯ ಬೇಲೂರಿನಲ್ಲಿ 1117ರ ಚೆನ್ನಕೇಶವ ದೇವಾಲಯವು ಇಂದಿಗೂ ನಿಂತಿದೆ. 2023ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ಅದರ ನವರಂಗದ ನಡುವೆ ನುಣುಪಾದ ಕಲ್ಲಿನ ದುಂಡು ವೇದಿಕೆಯಿದೆ. ಅಲ್ಲಿಯ ನೆಲಕ್ಕೆ ಅಂಗಡಿಯ ಹೊಸ ಟೈಲಿನ ಹೊಳಪನ್ನು ಹೊದಿಸಿ ಚಿತ್ರ ಮಾಡಿದರೆ, ಒಂಬೈನೂರು ವರ್ಷಗಳಿಂದ ಅಲ್ಲಿ ಓಡಾಡಿದ ಜನರನ್ನೇ ಅಳಿಸಿಹಾಕಿದಂತಾಗುತ್ತದೆ. ಬೇಲೂರಿನಲ್ಲಾದರೆ ತಪ್ಪನ್ನು ತಿದ್ದಲು ಮೂಲವು ಎದುರಿಗಿದೆ. ಎಲ್ಲ ನೆಲಗಳಿಗೂ ಆ ಭಾಗ್ಯವಿಲ್ಲ. ಗೊರೂರಿನ ಬಳಿ 1979ರಲ್ಲಿ ಹೇಮಾವತಿ ಅಣೆಕಟ್ಟು ಪೂರ್ಣಗೊಂಡಿತು. ಸಾವಿರಾರು ಹೊಲಗಳಿಗೆ ನೀರು ಬಂದಿತು. ಹಲವು ಹಳ್ಳಿಗಳು ನೀರಿನಲ್ಲಿ ಮುಳುಗಿದವು. ಶೆಟ್ಟಿಹಳ್ಳಿಯ ಹತ್ತೊಂಬತ್ತನೆಯ ಶತಮಾನದ ಚರ್ಚಿನ ಪಾಳುಗೋಡೆಗಳು ಜಲಾಶಯ ತುಂಬಿದಾಗ ಅರ್ಧ ಮುಳುಗಿ, ಬೇಸಿಗೆಯಲ್ಲಿ ಮತ್ತೆ ಹೊರಬರುತ್ತವೆ. ಮುಳುಗಿದ ಮನೆಯೊಂದನ್ನು ಚಿತ್ರದಲ್ಲಿ ಮತ್ತೆ ಕಟ್ಟಬೇಕೆಂದರೆ, ಅದರ ನಡುಮನೆಯ ನೆಲ ಹೇಗಿತ್ತೆಂಬುದನ್ನು ಅಲ್ಲಿ ಆಡಿ ಬೆಳೆದ ಹಿರಿಯರನ್ನೇ ಕೇಳಬೇಕು. ಅವರ ನೆನಪು ಹೇಳಿದಷ್ಟನ್ನು ನೆನಪೆಂದು, ಊಹಿಸಿ ತುಂಬಿದ್ದನ್ನು ಊಹೆಯೆಂದು ಗುರುತಿಸಿಡಬೇಕು. ಯಾವುದೋ ಊರಿನ ನೆಲವನ್ನು ತಂದು ಹೊದಿಸಿ ಇದೇ ಅದೆಂದರೆ, ಮುಂದಿನ ತಲೆಮಾರು ಅದನ್ನೇ ನಂಬುತ್ತದೆ. ಸುಳ್ಳೆಂದು ಹೇಳಬಲ್ಲವರು ಅಷ್ಟರಲ್ಲಿ ಉಳಿದಿರುವುದಿಲ್ಲ.

ಯಂತ್ರವು ತನಗೆ ಕೊಟ್ಟುದನ್ನಷ್ಟೇ ತೋರಿಸುತ್ತದೆ. ಕೊಡಬೇಕಾದುದನ್ನು ಮೊದಲು ಕಂಡುಕೊಳ್ಳುವುದು ಮನುಷ್ಯನ ಕೆಲಸ. ಅದಕ್ಕೆ ಬೆಲೆಬಾಳುವ ಸಲಕರಣೆ ಬೇಕಿಲ್ಲ. ಸಂಜೆ ಶಾಲೆ ಬಿಟ್ಟ ಮೇಲೆ ಮೊಗಸಾಲೆಯಲ್ಲಿ ಒಂದು ಗಳಿಗೆ ನಿಂತು, ನೆಲ ಎಲ್ಲಿ ಹೊಳೆಯುತ್ತಿದೆ, ಎಲ್ಲಿ ಸವೆದಿದೆ, ಏಕೆ ಸವೆದಿದೆ ಎಂದು ನೋಡಿದ ವಿದ್ಯಾರ್ಥಿಯು ಆ ಕೆಲಸದ ಅರ್ಧವನ್ನು ಆಗಲೇ ಮಾಡಿ ಮುಗಿಸಿರುತ್ತಾನೆ.