ಎಳೆಯರ ಖಿನ್ನತೆ ಮತ್ತು ಮಿದುಳಿನ ರಸಾಯನ

ಬಾಲ್ಯವು ಚಿಂತೆಯಿಲ್ಲದ ಕಾಲವೆಂಬುದು ರೂಢಿಯ ನಂಬಿಕೆ. ಮಕ್ಕಳಿಗೂ ಖಿನ್ನತೆಯ ವ್ಯಾಧಿಯುಂಟೆಂಬುದನ್ನು ವೈದ್ಯಲೋಕವೂ ಬಹುಕಾಲ ಒಪ್ಪಿರಲಿಲ್ಲ. ಇಂದು ಆ ವಿಷಯದಲ್ಲಿ ಸಂದೇಹ ಉಳಿದಿಲ್ಲ. ಹದಿಹರೆಯದಲ್ಲಿ ಇದು ಹೆಚ್ಚುತ್ತದೆ. ಆಗ ಹುಡುಗಿಯರಲ್ಲಿ ಇದರ ಪ್ರಮಾಣ ಹುಡುಗರಲ್ಲಿರುವುದರ ಸುಮಾರು ಎರಡರಷ್ಟು.

ಮಿದುಳಿನ ನರಕೋಶಗಳ ನಡುವೆ ಅತಿ ಸೂಕ್ಷ್ಮವಾದ ಸಂದುಗಳಿವೆ. ಸೆರೊಟೊನಿನ್, ನಾರ್‌ಎಪಿನೆಫ್ರಿನ್, ಡೋಪಮಿನ್ ಮೊದಲಾದ ರಾಸಾಯನಿಕಗಳು ಆ ಸಂದನ್ನು ದಾಟಿ ಸಂದೇಶವನ್ನು ಮುಟ್ಟಿಸುತ್ತವೆ. ಬಳಿಕ ಅವುಗಳಲ್ಲಿ ಬಹುಭಾಗವನ್ನು ಹೊರಬಿಟ್ಟ ಕೋಶವೇ ಮರಳಿ ಹೀರಿಕೊಳ್ಳುತ್ತದೆ.

ಇವಕ್ಕೂ ಮನೋಭಾವಕ್ಕೂ ಇರುವ ನಂಟು ಆಕಸ್ಮಿಕವಾಗಿ ಹೊಳೆಯಿತು. ನಮ್ಮ ಸರ್ಪಗಂಧಿಯ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಎಂಬ ರಕ್ತದೊತ್ತಡದ ಔಷಧಿಯು ಈ ರಾಸಾಯನಿಕಗಳನ್ನು ಕುಗ್ಗಿಸುತ್ತದೆ. ಅದನ್ನು ಸೇವಿಸಿದ ಕೆಲವರು ಖಿನ್ನರಾದರೆಂದು ವರದಿಯಾಯಿತು. ಅದೇ ಕಾಲದಲ್ಲಿ ಐಪ್ರೊನಿಯಜಿಡ್ ಸೇವಿಸಿದ ಕ್ಷಯರೋಗಿಗಳು ಉಲ್ಲಸಿತರಾದರು. ಇಂತಹ ಸುಳಿವುಗಳಿಂದ, ರಾಸಾಯನಿಕದ ಕೊರತೆಯೇ ಖಿನ್ನತೆಯೆಂಬ ವಾದ 1960ರ ದಶಕದಲ್ಲಿ ಬೇರೂರಿತು.

ಆದರೆ ವಾಸ್ತವ ಅಷ್ಟು ಸರಳವಲ್ಲ. ಔಷಧಿಯು ಕೆಲವೇ ಗಂಟೆಗಳಲ್ಲಿ ರಾಸಾಯನಿಕಗಳ ಮೇಲೆ ಪರಿಣಾಮ ಬೀರಿದರೂ ಮನಸ್ಸು ತಿಳಿಯಾಗಲು ವಾರಗಳೇ ಬೇಕು. ಸೆರೊಟೊನಿನ್ ಕೊರತೆಯೇ ಕಾರಣವೆಂಬುದಕ್ಕೆ ಸ್ಥಿರವಾದ ಆಧಾರವಿಲ್ಲವೆಂದು 2022ರ ಒಂದು ವಿಸ್ತೃತ ಪರಾಮರ್ಶೆ ಸಾರಿತು. ಅನುವಂಶೀಯತೆ, ನಿದ್ರಾಹೀನತೆ, ಅಗಲಿಕೆ, ಅವಮಾನ, ದೀರ್ಘಕಾಲದ ಒತ್ತಡ ಇವೆಲ್ಲವೂ ಬೆಳೆಯುತ್ತಿರುವ ಮಿದುಳಿನ ಮೇಲೆ ಒಟ್ಟಾಗಿ ವರ್ತಿಸುತ್ತವೆ.

ಮಕ್ಕಳೆಂದರೆ ಕಿರಿಯ ಗಾತ್ರದ ವಯಸ್ಕರಲ್ಲ. ದೊಡ್ಡವರಿಗೆ ಗುಣಕೊಟ್ಟ ಹಳೆಯ ಔಷಧಿಗಳು ಮಕ್ಕಳಲ್ಲಿ ಹೆಚ್ಚು ಫಲ ನೀಡಲಿಲ್ಲ. ಫ್ಲುಒಕ್ಸೆಟಿನ್ ಉಪಯುಕ್ತವೆಂದು ಕಂಡುಬಂದು, 2003ರಲ್ಲಿ ಅಮೆರಿಕದಲ್ಲಿ 8 ವರ್ಷ ಮೇಲ್ಪಟ್ಟ ಮಕ್ಕಳಿಗೆ ಅನುಮತಿ ಪಡೆಯಿತು. ಖಿನ್ನತೆಯ ಔಷಧಿಗಳಿಂದ ಕೆಲವು ಎಳೆಯರಲ್ಲಿ ಆತ್ಮಹತ್ಯೆಯ ಆಲೋಚನೆ ಹೆಚ್ಚಬಹುದೆಂಬ ಎಚ್ಚರಿಕೆ 2004ರಲ್ಲಿ ಹೊರಬಿತ್ತು. ಆದುದರಿಂದ, ವಿಶೇಷವಾಗಿ ಮೊದಲ ವಾರಗಳಲ್ಲಿ, ನಿಕಟ ನಿಗಾ ಅವಶ್ಯಕ; ವೈದ್ಯರ ಸಲಹೆಯಿಲ್ಲದೆ ಔಷಧಿಯನ್ನು ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು. ಅದೇ ವರ್ಷ ಪ್ರಕಟವಾದ, 439 ಹದಿಹರೆಯದವರ ಅಧ್ಯಯನದಲ್ಲಿ ಔಷಧಿ ಮತ್ತು ಮಾತಿನ ಚಿಕಿತ್ಸೆ ಕೂಡಿದಾಗ ಹೆಚ್ಚಿನ ಗುಣ ಕಂಡುಬಂದಿತು.

ಎಳೆಯರ ಖಿನ್ನತೆ ಅಳುವಾಗಿಯೇ ತೋರಬೇಕೆಂದಿಲ್ಲ. ಸಿಡುಕು, ಆಟದಲ್ಲಿ ನಿರಾಸಕ್ತಿ, ನಿದ್ರೆ ಆಹಾರಗಳ ಏರುಪೇರು, ಕಾರಣವಿಲ್ಲದ ಹೊಟ್ಟೆನೋವು, ಓದಿನಲ್ಲಿ ಹಿಂಜರಿತ ಇವು ಎರಡು ವಾರ ಮೀರಿ ಮುಂದುವರಿದರೆ ಅದನ್ನು ಸೋಮಾರಿತನವೆಂದು ದಂಡಿಸದೆ ವೈದ್ಯರಿಗೆ ತೋರಿಸಬೇಕು. ಸಾಯುವ ಯೋಚನೆಯುಂಟೇ ಎಂದು ಮೃದುವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಬದಲಾಗಿ ಮಗುವಿನ ಎದೆಭಾರ ಇಳಿಯಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆ 14416 ಸಂಖ್ಯೆಯಲ್ಲಿ ಉಚಿತವಾಗಿ ದೊರೆಯುತ್ತದೆ. ಮಗುವಿನ ಮೌನವನ್ನು ಮೊದಲು ಗುರುತಿಸಬಲ್ಲವರು ಮನೆಯವರು ಮತ್ತು ಗುರುಗಳು. ಚಿಕಿತ್ಸೆಯ ಮೊದಲ ಮೆಟ್ಟಿಲೂ ಅದೇ.