ಪರಸ್ಥಳದಲ್ಲಿ ನಮ್ಮ ಮನೆಯ ಕಾಫಿ

ವಿಶಾಖಪಟ್ಟಣಕ್ಕಾಗಲಿ ವಿಜಯವಾಡಕ್ಕಾಗಲಿ ಕೆಲಸಕ್ಕೆಂದು ಬಂದು ನೆಲೆಸಿದ ಕನ್ನಡಿಗರು ರಜೆಯಲ್ಲಿ ಊರಿಗೆ ಹೋಗಿ ಬರುವಾಗ ತಪ್ಪದೆ ತರುವ ವಸ್ತುಗಳಲ್ಲಿ ಕಾಫಿಪುಡಿಯೂ ಒಂದು. ಎರಡು ಕಿಲೋ, ಮೂರು ಕಿಲೋ ಎಂದು ಕಟ್ಟಿಸಿ, ಬಟ್ಟೆಗಳ ನಡುವೆ ಇಟ್ಟು, ರೈಲಿನಲ್ಲಿ ಜೋಪಾನವಾಗಿ ತರುವುದುಂಟು. ಮೊದಲ ವಾರದ ಕಾಫಿ ಊರಿನ ಕಾಫಿಯಂತೆಯೇ ಇರುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಬಣ್ಣ ಮಾತ್ರ ಉಳಿದು ಘಮ ಹೋಗಿರುತ್ತದೆ. ಆಗ, “ಇಲ್ಲಿಯ ನೀರು ಸರಿಯಿಲ್ಲ, ಹಾಲು ಸರಿಯಿಲ್ಲ, ನಮ್ಮೂರಿನ ರುಚಿ ಇಲ್ಲಿ ಬಾರದು” ಎಂದು ಹೇಳಿ ಸುಮ್ಮನಾಗುತ್ತೇವೆ.

ನೀರಿಗೂ ಹಾಲಿಗೂ ಇದರಲ್ಲಿ ಸ್ವಲ್ಪ ಭಾಗವಿದೆ, ನಿಜ. ಆದರೆ ದೊಡ್ಡ ಕಾರಣ ನಮ್ಮ ಡಬ್ಬಿಯೊಳಗೇ ಇದೆ. ಊರಿನ ಕಾಫಿಯ ರುಚಿಗೆ ಮುಖ್ಯವಾದವು ಮೂರು: ಪುಡಿ ಹೊಸದಾಗಿರುವುದು, ಚಿಕೋರಿಯ ಪ್ರಮಾಣ, ಮಾಡುವ ಕ್ರಮ. ಈ ಮೂರೂ ಇಲ್ಲಿಯೇ ನಮ್ಮ ಕೈಯಲ್ಲಿವೆ. ಇದನ್ನು ತಿಳಿದರೆ ರುಚಿಯೂ ಉಳಿಯುತ್ತದೆ, ತಿಂಗಳ ಸಂಬಳದಲ್ಲಿ ನಾಲ್ಕು ಕಾಸೂ ಉಳಿಯುತ್ತದೆ.

೧. ಒಂದೇ ನಾಡು, ಹಲವು ರುಚಿ

ಕನ್ನಡಿಗರೆಲ್ಲರಿಗೂ ಕಾಫಿ ಒಂದೇ ಬಗೆಯದಲ್ಲ. ಬೆಂಗಳೂರು, ಮೈಸೂರು ಕಡೆಯವರಿಗೆ ಫಿಲ್ಟರಿನಲ್ಲಿ ಇಳಿಸಿದ ಗಟ್ಟಿ ಡಿಕಾಕ್ಷನ್ ಬೇಕು. ಮಲೆನಾಡು ಮತ್ತು ಕೊಡಗಿನ ಹಳೆಯ ಮನೆಗಳಲ್ಲಿ ಬೆಲ್ಲದ ನೀರು ಕುದಿಸಿ, ಪುಡಿ ಹಾಕಿ, ತಳಕ್ಕೆ ಕೂತ ಮೇಲೆ ಬಟ್ಟೆಯಲ್ಲಿ ಸೋಸುವ ಬೆಲ್ಲದ ಕಾಫಿಯ ರೂಢಿ. ಧಾರವಾಡ, ಬೆಳಗಾವಿ, ಕಲಬುರಗಿ ಕಡೆಯಿಂದ ಬಂದವರಲ್ಲಿ ಹೆಚ್ಚಿನವರು ಚಹಾದವರು. ಆದುದರಿಂದ ಒಂದೇ ಕೋಣೆಯಲ್ಲಿ ಮೂವರು ಸೇರಿ ಬಾಡಿಗೆಗಿದ್ದರೆ ಬೆಳಗಿನ ಒಲೆಯ ಮುಂದೆ ಮೂರು ಅಭಿಪ್ರಾಯ ಬರುವುದು ಸಹಜ. ಇದರಲ್ಲಿ ಯಾವುದೂ ಹೆಚ್ಚಲ್ಲ, ಯಾವುದೂ ಕಡಮೆಯಲ್ಲ.

ಬೆಲ್ಲದ ಕಾಫಿಯವರಿಗೆ ವಿಶಾಖಪಟ್ಟಣ ಒಳ್ಳೆಯ ಸ್ಥಳ. ಹತ್ತಿರದ ಅನಕಾಪಲ್ಲಿಯ ಬೆಲ್ಲದ ಮಾರುಕಟ್ಟೆ ದೇಶದಲ್ಲೇ ಹೆಸರಾದದ್ದು. ಒಂದು ಎಚ್ಚರಿಕೆ ಮಾತ್ರ ಬೇಕು: ಬೆಲ್ಲ ಹಾಕಿದ ಕಾಫಿಗೆ ಹಾಲು ಸೇರಿಸುವುದಾದರೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕುದಿ ನಿಂತ ಮೇಲೆ ಸೇರಿಸಬೇಕು. ಒಲೆಯ ಮೇಲೆಯೇ ಸೇರಿಸಿದರೆ ಹಾಲು ಒಡೆಯುವ ಸಂಭವ ಹೆಚ್ಚು.

೨. ಪುಡಿ ಹಳೆಯದಾಗುವುದು ಹೇಗೆ?

ಹಸಿ ಕಾಫಿ ಬೀಜ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. ಅದನ್ನು ಹುರಿದಾಗಲೇ ಘಮ ಹುಟ್ಟುವುದು. ಹುಟ್ಟಿದ ಗಳಿಗೆಯಿಂದಲೇ ಅದು ಹಾರಿಹೋಗಲೂ ತೊಡಗುತ್ತದೆ. ಇಡೀ ಬೀಜವಾಗಿದ್ದರೆ ನಿಧಾನವಾಗಿ, ಪುಡಿಯಾಗಿದ್ದರೆ ಬೇಗ. ಪುಡಿ ಮಾಡಿದಾಗ ಗಾಳಿಗೆ ತಗಲುವ ಭಾಗ ಎಷ್ಟೋ ಪಾಲು ಹೆಚ್ಚುವುದೇ ಇದಕ್ಕೆ ಕಾರಣ. ಗಾಳಿ, ತೇವ, ಬಿಸಿ, ಬೆಳಕು, ಈ ನಾಲ್ಕು ಪುಡಿಯ ಶತ್ರುಗಳು. ವಿಶಾಖಪಟ್ಟಣದ ಕಡಲ ಗಾಳಿಯಲ್ಲಿ ತೇವ ಹೆಚ್ಚು. ವಿಜಯವಾಡದ ಬೇಸಗೆಯಲ್ಲಿ ಬಿಸಿ ಹೆಚ್ಚು. ಬೆಂಗಳೂರಿನ ತಂಪಿನಲ್ಲಿ ಸಾಗಿದ ಅಭ್ಯಾಸ ಇಲ್ಲಿ ಸಾಗುವುದಿಲ್ಲ.

ಆದುದರಿಂದ ಮೊದಲ ನಿಯಮ: ಹತ್ತು ಹದಿನೈದು ದಿನಕ್ಕೆ ಆಗುವಷ್ಟೇ ಪುಡಿ ಕೊಳ್ಳಬೇಕು. ಒಬ್ಬರಿಗೆ ಕಾಲು ಕಿಲೋ ಧಾರಾಳ. ಕಣ್ಣೆದುರಿಗೆ ಹುರಿದು ಪುಡಿ ಮಾಡಿಕೊಡುವ ಅಂಗಡಿ ಸಿಕ್ಕರೆ ಅಲ್ಲಿ ಕೊಳ್ಳುವುದು ಉತ್ತಮ. ಪೊಟ್ಟಣ ಕೊಳ್ಳುವುದಾದರೆ ಕಟ್ಟಿದ ದಿನಾಂಕ ನೋಡಿ. ಪುಡಿಯನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಒಲೆಯಿಂದ ದೂರ ಇಡಿ. ಒದ್ದೆ ಚಮಚ ಹಾಕಬೇಡಿ. ಊರಿಂದಲೇ ತರಬೇಕೆಂಬ ಆಸೆಯಿದ್ದರೆ, ಪುಡಿಗಿಂತ ಹುರಿದ ಬೀಜ ತಂದು ವಾರಕ್ಕೆ ಬೇಕಾದಷ್ಟನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುವುದು ಮೇಲು.

೩. ಚಿಕೋರಿಯ ಲೆಕ್ಕ

ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಪ್ಪುಗೆಂಪು ಬಣ್ಣ, ಕೊಂಚ ಕಹಿ, ಕೊಂಚ ಸಿಹಿ. ೧೯ನೆಯ ಶತಮಾನದ ಮೊದಲಲ್ಲಿ ಯುದ್ಧದಿಂದಾಗಿ ಫ್ರಾನ್ಸಿನಲ್ಲಿ ಕಾಫಿ ದುರ್ಲಭವಾದಾಗ ಅದರ ಬಳಕೆ ಹೆಚ್ಚಿತು. ನಮ್ಮ ದೇಶದಲ್ಲಿ ಗುಜರಾತ್, ಉತ್ತರಪ್ರದೇಶಗಳಲ್ಲಿ ಬೆಳೆಯುತ್ತಾರೆ. ಅದರಲ್ಲಿ ಕೆಫೀನ್ ಇಲ್ಲ. ನೀರಿನಲ್ಲಿ ಕಾಫಿಗಿಂತ ಬಹಳ ಹೆಚ್ಚು ಕರಗುವುದರಿಂದ ಡಿಕಾಕ್ಷನ್ ಗಟ್ಟಿಯಾಗಿ, ಕಪ್ಪಾಗಿ ಕಾಣುತ್ತದೆ. ಹೇಳಿ ಮಾರಿದರೆ ಅದು ಕಲಬೆರಕೆಯಲ್ಲ. ಹಲವರಿಗೆ ಆ ರುಚಿಯೇ ಬೇಕು. ಆದರೆ ಕಪ್ಪಗಿದ್ದುದೆಲ್ಲ ಗಟ್ಟಿ ಕಾಫಿ ಎಂದು ನಂಬುವುದು ತಪ್ಪು.

ಕಾಫಿ ಚಿಕೋರಿ ಮಿಶ್ರಣದಲ್ಲಿ ತೂಕದ ಶೇಕಡಾ ೫೧ಕ್ಕೆ ಕಡಮೆಯಿಲ್ಲದಷ್ಟು ಕಾಫಿ ಇರಬೇಕೆಂದು ಕಾನೂನಿದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಕೊಳ್ಳುವವರು ಬೆಲೆಯ ಜೊತೆಗೆ ಈ ಸಣ್ಣ ಅಕ್ಷರವನ್ನೂ ಓದಬೇಕು. ಒಂದು ಲೆಕ್ಕ ಮಾಡೋಣ. ಇಲ್ಲಿಯ ಬೆಲೆಗಳು ಉದಾಹರಣೆಗೆ ಮಾತ್ರ.

ಮೊದಲನೆಯ ಪೊಟ್ಟಣ: ೫೦೦ ಗ್ರಾಂ, ಬೆಲೆ ೩೦೦ ರೂಪಾಯಿ, ಕಾಫಿ ಶೇಕಡಾ ೫೩. ಅಂದರೆ ಅದರಲ್ಲಿರುವ ಕಾಫಿ ೨೬೫ ಗ್ರಾಂ.

ಎರಡನೆಯ ಪೊಟ್ಟಣ: ೫೦೦ ಗ್ರಾಂ, ಬೆಲೆ ೪೦೦ ರೂಪಾಯಿ, ಕಾಫಿ ಶೇಕಡಾ ೮೦. ಅಂದರೆ ಅದರಲ್ಲಿರುವ ಕಾಫಿ ೪೦೦ ಗ್ರಾಂ.

ಕಾಫಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ೧೦೦ ಗ್ರಾಂ ಕಾಫಿಗೆ ಮೊದಲನೆಯದರಲ್ಲಿ ಸುಮಾರು ೧೧೩ ರೂಪಾಯಿ, ಎರಡನೆಯದರಲ್ಲಿ ೧೦೦ ರೂಪಾಯಿ ಬಿತ್ತು. ಅಗ್ಗವೆಂದು ಕೊಂಡದ್ದು ನಿಜವಾಗಿ ತುಟ್ಟಿಯಾಯಿತು. ಗುಮಾಸ್ತರ ಕೆಲಸ ಮಾಡುವ ನಾವು ಕಚೇರಿಯ ಕಡತದಲ್ಲಿ ತೋರಿಸುವ ಜಾಗರೂಕತೆಯಲ್ಲಿ ಕಾಲುಭಾಗವನ್ನು ಅಂಗಡಿಯಲ್ಲಿ ತೋರಿಸಿದರೂ ಸಾಕು.

೪. ನೆರೆಯ ಬೆಟ್ಟದ ಕಾಫಿ

ಬಾಬಾಬುಡನ್ ಅವರು ೧೭ನೆಯ ಶತಮಾನದಲ್ಲಿ ಯೆಮನ್ ದೇಶದಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ನಾವೆಲ್ಲ ಬಲ್ಲೆವು. ಇಂದಿಗೂ ದೇಶದ ಕಾಫಿಯಲ್ಲಿ ಸುಮಾರು ಶೇಕಡಾ ೭೦ರಷ್ಟು ಕರ್ನಾಟಕದ್ದೇ. ಆದರೆ ನಾವೀಗ ಇರುವ ನಾಡಿನಲ್ಲೂ ಕಾಫಿ ಬೆಳೆಯುತ್ತದೆಂಬುದು ನಮ್ಮಲ್ಲಿ ಅನೇಕರ ಲಕ್ಷ್ಯಕ್ಕೆ ಬಂದಿಲ್ಲ.

ವಿಶಾಖಪಟ್ಟಣದಿಂದ ಸುಮಾರು ೧೧೫ ಕಿಲೋಮೀಟರ್ ದೂರದ ಅರಕು ಕಣಿವೆ ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಪೂರ್ವ ಘಟ್ಟದ ಈ ಭಾಗಗಳಿಗೆ ಕಾಫಿ ಬಂದದ್ದು ಬ್ರಿಟಿಷರ ಕಾಲದಲ್ಲಿ. ೧೮೯೮ರಲ್ಲಿ ಆಗಿನ ಗೋದಾವರಿ ಜಿಲ್ಲೆಯ ಪಾಮುಲೇರು ಕಣಿವೆಯಲ್ಲಿ ಮೊದಲು ನೆಟ್ಟರೆಂದು ಹೇಳುತ್ತಾರೆ. ೧೯೬೦ರ ದಶಕದಲ್ಲಿ ಅರಣ್ಯ ಇಲಾಖೆ ತೋಟಗಳನ್ನು ಬೆಳೆಸಿತು. ಅನಂತರ ಗಿರಿಜನ ಕುಟುಂಬಗಳೇ ತಮ್ಮ ಸಣ್ಣ ಸಣ್ಣ ಹಿಡುವಳಿಗಳಲ್ಲಿ ಬೆಳೆಯತೊಡಗಿದವು. ಅಲ್ಲಿಯ ಹಳೆಯ ಬೇಸಾಯಕ್ಕೆ ‘ಪೋಡು’ ಎಂದು ಹೆಸರು. ಕಾಡು ಕಡಿದು ಸುಟ್ಟು, ಕೆಲವು ವರ್ಷ ಬಿತ್ತಿ, ಮುಂದಕ್ಕೆ ಹೋಗುವುದು. ನಮ್ಮಲ್ಲಿ ಅದನ್ನೇ ಕುಮರಿ ಎನ್ನುತ್ತಿದ್ದರು. ಕಾಫಿಗಾದರೋ ಮರದ ನೆರಳು ಬೇಕು. ಆದ್ದರಿಂದ ಕಾಫಿ ಬಂದ ಕಡೆ ಮರ ಉಳಿಯಿತು, ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿತು, ಮನೆಗೆ ಕೈಯಲ್ಲಿ ಓಡಾಡುವ ಹಣ ಬಂತು. ಈ ಪ್ರದೇಶ ೨೦೨೨ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆಗೆ ಸೇರಿದೆ. ಪಾಡೇರು ಅದರ ಕೇಂದ್ರ.

೨೦೧೯ರಲ್ಲಿ ಭಾರತದ ಐದು ಕಾಫಿಗಳಿಗೆ ಭೌಗೋಳಿಕ ಗುರುತು ದೊರೆಯಿತು: ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ, ವಯನಾಡು ರೋಬಸ್ಟಾ, ಅರಕು ಕಣಿವೆಯ ಅರೇಬಿಕಾ. ನಮ್ಮ ತವರಿನ ಕಾಫಿಯೂ ನಾವು ಅನ್ನ ತಿನ್ನುವ ನಾಡಿನ ಕಾಫಿಯೂ ಒಂದೇ ಪಟ್ಟಿಯಲ್ಲಿ ಕೂತಿವೆ. ೧೯೫೬ರಲ್ಲಿ ಸ್ಥಾಪನೆಯಾಗಿ ವಿಶಾಖಪಟ್ಟಣದಲ್ಲಿ ಕೇಂದ್ರ ಕಚೇರಿಯಿರುವ ಗಿರಿಜನ ಸಹಕಾರ ಕಾರ್ಪೊರೇಷನ್ ಬೆಳೆಗಾರರಿಂದ ಬೀಜ ಕೊಂಡು, ಪುಡಿ ಮಾಡಿಸಿ ತನ್ನ ಅಂಗಡಿಗಳಲ್ಲಿ ಮಾರುತ್ತದೆ. ಒಮ್ಮೆ ಕಾಲು ಕಿಲೋ ತಂದು ನೋಡುವುದರಲ್ಲಿ ಊರಿಗೆ ದ್ರೋಹವೇನೂ ಇಲ್ಲ. ಅರೇಬಿಕಾದ್ದು ಮೃದು ರುಚಿ, ಹೆಚ್ಚು ಘಮ. ರೋಬಸ್ಟಾದ್ದು ಒರಟು ರುಚಿ, ಹೆಚ್ಚು ಕಹಿ, ಸುಮಾರು ಎರಡು ಪಾಲು ಕೆಫೀನ್. ಬರಿಯ ಅರೇಬಿಕಾ ತೆಳುವೆನಿಸಿದರೆ ಸ್ವಲ್ಪ ರೋಬಸ್ಟಾವನ್ನೋ ಶೇಕಡಾ ೧೦, ೨೦ರಷ್ಟು ಚಿಕೋರಿಯನ್ನೋ ಸೇರಿಸಿಕೊಳ್ಳಬಹುದು.

೫. ಫಿಲ್ಟರಿನಲ್ಲಿ ಮಾಡುವ ಕ್ರಮ

ಇಬ್ಬರಿಗೆ, ಅಥವಾ ಒಬ್ಬರಿಗೆ ಎರಡು ಸಲಕ್ಕೆ:

(ಅ) ಫಿಲ್ಟರಿನ ಮೇಲಿನ ಪಾತ್ರೆ ಒಣಗಿರಲಿ. ಅದಕ್ಕೆ ಸುಮಾರು ೨೦ ಗ್ರಾಂ, ಅಂದರೆ ಚಹಾ ಚಮಚದಲ್ಲಿ ಮೂರು ನಾಲ್ಕು ತುಂಬು ಚಮಚ ಪುಡಿ ಹಾಕಿ. ಸಮ ಮಾಡಿ, ಹಿಡಿಕೆಯ ತೂತು ತಟ್ಟೆಯಿಂದ ಮೆಲ್ಲಗೆ ಒತ್ತಿ. ಬಲವಾಗಿ ಅದುಮಿದರೆ ಡಿಕಾಕ್ಷನ್ ಇಳಿಯುವುದಿಲ್ಲ.

(ಆ) ನೀರು ಕುದಿದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಿ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುರಿದು ಸ್ವಲ್ಪ ತಡೆದು, ಆಮೇಲೆ ಉಳಿದುದನ್ನು ಸುತ್ತಲೂ ಸುರಿಯಿರಿ. ಒಟ್ಟು ೧೨೦ ಮಿಲಿ ಲೀಟರ್ ಸಾಕು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹೀರಿಕೊಂಡು ೮೦ ಮಿಲಿ ಲೀಟರಿನಷ್ಟು ಡಿಕಾಕ್ಷನ್ ಇಳಿಯುತ್ತದೆ.

(ಇ) ಮುಚ್ಚಿ ಹದಿನೈದು ಇಪ್ಪತ್ತು ನಿಮಿಷ ಬಿಡಿ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಇಳಿದಿರುತ್ತದೆ. ಐದು ನಿಮಿಷದಲ್ಲೇ ಇಳಿದರೆ ಪುಡಿ ತರಿಯಾಯಿತು; ಗಂಟೆಯಾದರೂ ಇಳಿಯದಿದ್ದರೆ ತೀರ ನುಣ್ಣಗಾಯಿತು, ಇಲ್ಲವೆ ಚಿಕೋರಿ ಹೆಚ್ಚಾಯಿತು.

(ಈ) ಕಾದ ಹಾಲನ್ನು ಡಿಕಾಕ್ಷನ್ನಿಗೆ ಸೇರಿಸಬೇಕೇ ಹೊರತು ಡಿಕಾಕ್ಷನ್ನನ್ನು ಕುದಿಸಬಾರದು. ಆರಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು ಬೆಚ್ಚಗೆ ಮಾಡಿ. ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಪಾಲು ಹಾಲು ಎಂಬುದರಿಂದ ಆರಂಭಿಸಿ ನಿಮ್ಮ ನಾಲಗೆಯಂತೆ ಬದಲಿಸಿಕೊಳ್ಳಿ. ಹಾಲಿನ ಪೊಟ್ಟಣವನ್ನೂ ಓದಿ: ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇಕಡಾ ೩, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ ೪.೫, ಫುಲ್‌ಕ್ರೀಮ್ ಹಾಲಿನಲ್ಲಿ ೬. ತೆಳು ಹಾಲಿಗೆ ನೀರು ಬೆರಸಬೇಡಿ.

ಕೊಳವೆಬಾವಿಯ ಗಡಸು ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆ. ಕುಡಿಯಲು ಇಟ್ಟುಕೊಂಡ ನೀರನ್ನೇ ಕಾಫಿಗೂ ಬಳಸಿ.

೬. ಕೆಲಸದ ಸ್ಥಳದಲ್ಲಿ

ಮನೆಯಿಂದ ಕೊಂಡೊಯ್ಯುವವರು ಬೆರಸಿದ ಕಾಫಿಯನ್ನು ಫ್ಲಾಸ್ಕಿನಲ್ಲಿ ತುಂಬಬಾರದು. ಎರಡು ಗಂಟೆಯಲ್ಲಿ ವಾಸನೆ ಬದಲಾಗುತ್ತದೆ. ಬಿಸಿ ಹಾಲು ಫ್ಲಾಸ್ಕಿನಲ್ಲಿ, ಡಿಕಾಕ್ಷನ್ ಸಣ್ಣ ಶೀಸೆಯಲ್ಲಿ ಬೇರೆಯಾಗಿರಲಿ. ವಿಜಯವಾಡದ ಬೇಸಗೆಯಲ್ಲಿ ಹಾಲು ಬೇಗ ಕೆಡುವುದರಿಂದ ಮಧ್ಯಾಹ್ನಕ್ಕೆ ಮೊದಲೇ ಮುಗಿಸಿ.

ಕಚೇರಿಯ ಯಂತ್ರದಲ್ಲಿ ಸಿಗುವುದು ಸಾಮಾನ್ಯವಾಗಿ ಇನ್‌ಸ್ಟಂಟ್ ಕಾಫಿ. ಅದನ್ನು ಹುಸಿ ಕಾಫಿ ಎಂದು ತಿರಸ್ಕರಿಸಬೇಕಾಗಿಲ್ಲ. ಬೃಹತ್ ಪ್ರಮಾಣದಲ್ಲಿ ಡಿಕಾಕ್ಷನ್ ಇಳಿಸಿ, ಅದರ ನೀರನ್ನು ಬಿಸಿಗಾಳಿಯಿಂದಲೋ ಶೈತ್ಯದಿಂದಲೋ ತೆಗೆದು ಉಳಿಸಿದ ಪುಡಿ ಅದು. ವಿಜಯವಾಡಕ್ಕೆ ಹತ್ತಿರದಲ್ಲೇ, ಗುಂಟೂರು ಜಿಲ್ಲೆಯ ದುಗ್ಗಿರಾಲದಲ್ಲಿ ಇಂಥ ಕಾಫಿಯನ್ನು ಹೊರದೇಶಗಳಿಗೆ ಕಳುಹಿಸುವ ದೊಡ್ಡ ಕಾರ್ಖಾನೆಯಿದೆ. ಇದರಲ್ಲಿಯೂ ಚಿಕೋರಿ ಸೇರಿದ್ದು, ಸೇರದ್ದು ಎಂದು ಎರಡು ಬಗೆ ಉಂಟು. ಡಬ್ಬಿಯನ್ನು ಓದಿಯೇ ಕೊಳ್ಳಬೇಕು.

ಅಂಗಡಿಯಲ್ಲಿ ಕೇಳುವಾಗ ಭಾಷೆಯ ಒಂದು ಮಾತು. ಇಲ್ಲಿ ಹಾಲಿಗೆ ‘ಪಾಲು’ ಎನ್ನುತ್ತಾರೆ. ಹೊಸಬರಿಗೆ ಯಾರೋ ತಮ್ಮ ಹಿಸ್ಸೆ ಕೇಳಿದಂತೆ ತೋರಬಹುದು! ಹಳಗನ್ನಡದಲ್ಲಿ ನಮ್ಮದೂ ‘ಪಾಲ್’ ಎಂದೇ ಇತ್ತು. ಪಕಾರ ಹಕಾರವಾಗಿ ‘ಹಾಲು’ ಆಯಿತು. ಪುಡಿಗೆ ‘ಪೊಡಿ’, ನಮ್ಮ ದಕ್ಷಿಣ ಕನ್ನಡದವರ ‘ಹುಡಿ’ಯೂ ಇದರ ನಂಟೇ. ಸಕ್ಕರೆಗೆ ಕರಾವಳಿ ಆಂಧ್ರದಲ್ಲಿ ‘ಪಂಚದಾರ’. ಸಿಹಿ ಕಡಮೆ ಬೇಕಾದವರು “ಪಂಚದಾರ ತಕ್ಕುವ” ಎಂದರೆ ಸಾಕು, ಅಂಗಡಿಯವರು ನಗುಮುಖದಿಂದ ಕೊಡುತ್ತಾರೆ.

೭. ಎಷ್ಟು? ಯಾವಾಗ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ೨೦೨೪ರಲ್ಲಿ ಹೊರತಂದ ಆಹಾರ ಸೂಚನೆಗಳಲ್ಲಿ ದಿನಕ್ಕೆ ೩೦೦ ಮಿಲಿಗ್ರಾಂ ಕೆಫೀನ್ ಮೀರಬಾರದೆಂದು ಹೇಳಿದೆ. ೧೫೦ ಮಿಲಿ ಲೀಟರ್ ಬಟ್ಟಲಿಗೆ ಇಳಿಸಿದ ಕಾಫಿಯಲ್ಲಿ ೮೦ರಿಂದ ೧೨೦, ಇನ್‌ಸ್ಟಂಟ್ ಕಾಫಿಯಲ್ಲಿ ೫೦ರಿಂದ ೬೫, ಚಹಾದಲ್ಲಿ ೩೦ರಿಂದ ೬೫ ಮಿಲಿಗ್ರಾಂ ಕೆಫೀನ್ ಇರುತ್ತದೆ. ಮನೆಯದು, ಕಚೇರಿಯದು, ಗೆಳೆಯರು ಕೊಡಿಸಿದ್ದು ಎಲ್ಲ ಸೇರಿಸಿ ಎಣಿಸಬೇಕು.

ಊಟದೊಡನೆ ಕಾಫಿ ಬೇಡ. ಅದು ಆಹಾರದ ಕಬ್ಬಿಣಾಂಶ ರಕ್ತಕ್ಕೆ ಸೇರುವುದನ್ನು ತಡೆಯುತ್ತದೆ. ಊಟಕ್ಕೆ ಒಂದು ಗಂಟೆ ಹಿಂದೆ, ಒಂದು ಗಂಟೆ ಮುಂದೆ ಬಿಟ್ಟಿರಬೇಕೆಂದು ಅದೇ ಸಂಸ್ಥೆಯ ಸಲಹೆ. ರಕ್ತಹೀನತೆಯಿರುವ ಹೆಂಗಸರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಬಂದರು, ಉಕ್ಕಿನ ಕಾರ್ಖಾನೆ, ರೈಲ್ವೆಗಳಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಇನ್ನೊಂದು ಮಾತು. ಕುಡಿದ ಕೆಫೀನಿನಲ್ಲಿ ಅರ್ಧದಷ್ಟು ದೇಹದಿಂದ ಇಳಿಯಲು ಸುಮಾರು ಐದು ಗಂಟೆ ಹಿಡಿಯುತ್ತದೆ. ಬೆಳಗ್ಗೆ ಏಳಕ್ಕೆ ಬಂದು ಮಲಗುವವರು ರಾತ್ರಿ ಒಂದರ ಮೇಲೆ ಕಾಫಿ ಮುಟ್ಟದಿರುವುದು ಕ್ಷೇಮ. ಹಣ ಉಳಿಸಲೆಂದು ತಿಂಡಿ ಬಿಟ್ಟು ಬರಿಯ ಕಾಫಿಯಲ್ಲಿ ಪಾಳಿ ಕಳೆಯುವ ತರುಣರಿದ್ದಾರೆ. ಕಾಫಿ ಹಸಿವನ್ನು ಮರೆಸುತ್ತದೆಯೇ ಹೊರತು ತೀರಿಸುವುದಿಲ್ಲ. ಊರಿಗೆ ಕಳುಹಿಸುವ ಹಣ ಎಷ್ಟು ಮುಖ್ಯವೋ ಅದನ್ನು ಗಳಿಸುವ ದೇಹವೂ ಅಷ್ಟೇ ಮುಖ್ಯ.

ಮಾಡಿ ನೋಡಿ

೧) ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಮೇಲೆ ಅರ್ಧ ಚಮಚ ಪುಡಿ ಉದುರಿಸಿ. ಕಾಫಿ ತೇಲುತ್ತದೆ, ಚಿಕೋರಿ ಬಣ್ಣದ ಗೆರೆ ಬಿಡುತ್ತ ಬೇಗ ತಳಕ್ಕೆ ಇಳಿಯುತ್ತದೆ. ಪೊಟ್ಟಣದ ಮೇಲೆ ‘ಶುದ್ಧ ಕಾಫಿ’ ಎಂದಿದ್ದೂ ಗೆರೆ ಕಂಡರೆ ಅಂಗಡಿ ಬದಲಿಸಿ.

೨) ಮನೆಯಲ್ಲಿರುವ ಪೊಟ್ಟಣ ತೆಗೆದು ಮೇಲೆ ಹೇಳಿದಂತೆ ೧೦೦ ಗ್ರಾಂ ಕಾಫಿಗೆ ಎಷ್ಟು ಬಿತ್ತೆಂದು ಲೆಕ್ಕ ಹಾಕಿ.

೩) ತಿಂಗಳ ಹಿಂದಿನ ಪುಡಿ, ಈ ವಾರದ ಪುಡಿ ಎರಡರಲ್ಲೂ ಒಂದೇ ಅಳತೆಯ ಕಾಫಿ ಮಾಡಿ, ಯಾವುದು ಯಾವುದೆಂದು ಹೇಳದೆ ಕೋಣೆಯ ಗೆಳೆಯರಿಗೆ ಕೊಡಿ. ಅವರು ಯಾವುದನ್ನು ಮೆಚ್ಚಿದರೆಂದು ಬರೆದಿಟ್ಟುಕೊಳ್ಳಿ. ಮುಂದಿನ ರಜೆಯಲ್ಲಿ ಊರಿನಿಂದ ಎಷ್ಟು ಪುಡಿ ತರಬೇಕೆಂಬುದನ್ನು ಆ ಚೀಟಿಯೇ ತಿಳಿಸುತ್ತದೆ.